ಗೆರೆ ಬಿಟ್ಟುಕೊಟ್ಟ ಜಾಗ

ಹೊಳೆಯ ಆಚೆ ದಡದಲ್ಲಿ ದೈತ್ಯಗಾತ್ರದ ಬಿಳಿ ತೋಳವೊಂದು ಗುಂಡೇಟು ತಿಂದು ಮಲಗಿದೆ. ಅದರ ಮೈಗೆ ಮುಖವೊತ್ತಿಕೊಂಡು ಒಬ್ಬ ಹುಡುಗಿ ಗಾಯದ ನೆತ್ತರು ಹೀರುತ್ತಾಳೆ, ಉಗಿಯುತ್ತಾಳೆ, ಮತ್ತೆ ಹೀರುತ್ತಾಳೆ. ಈಚೆ ದಡದಲ್ಲಿ ಯಾರೋ ಇದ್ದಾರೆಂದು ಗೊತ್ತಾದಾಗ ತಲೆಯೆತ್ತಿ, ಕೈಯಿಂದ ಬಾಯೊರೆಸಿಕೊಂಡು ದುರುಗುಟ್ಟಿ ನೋಡುತ್ತಾಳೆ. ಒರೆಸಿದ್ದರಿಂದ ನೆತ್ತರು ಹೋಗುವುದಿಲ್ಲ, ಕೆನ್ನೆಗೂ ಹಬ್ಬುತ್ತದೆ. ಹಯಾವೊ ಮಿಯಾಜಾಕಿ ನಿರ್ದೇಶಿಸಿ 1997ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಪ್ರಿನ್ಸೆಸ್ ಮೊನೊನೊಕೆ’ ಆನಿಮೇಷನ್ ಚಿತ್ರದಲ್ಲಿ ಸಾನ್ ಎಂಬ ಕಾಡಹುಡುಗಿಯ ಮುಖವನ್ನು ನಾವು ಹತ್ತಿರದಿಂದ ಕಾಣುವುದು ಹೀಗೆ. ಹುಟ್ಟಿಸಿದವರು ತಾವು ಬದುಕಿಕೊಳ್ಳಲೆಂದು ತೋಳದ ಮುಂದೆ ಎಸೆದುಹೋದ ಕೂಸು ಅವಳು. ಮೊರೊ ಎಂಬ ತೋಳದೇವತೆ ಆ ಕೂಸನ್ನು ತಿನ್ನದೆ ಸಾಕಿದಳು.

ಆ ದೃಶ್ಯವನ್ನು ಅಲ್ಲೇ ನಿಲ್ಲಿಸಿ ಉಡುಪನ್ನಷ್ಟೇ ನೋಡಿದರೆ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. ಕಡುನೀಲಿ ಅರಿವೆಗೆ ಇರುವುದು ಎರಡೇ ಛಾಯೆ: ಬೆಳಕು ಬಿದ್ದ ಕಡೆ ಒಂದು, ನೆರಳಿನ ಕಡೆ ಇನ್ನೊಂದು. ಹೆಗಲ ಮೇಲಿನ ಬಿಳಿ ತುಪ್ಪಳವೆಂದರೆ ಅಂಚಿನಲ್ಲಿ ನಾಲ್ಕಾರು ಕಡೆ ಮೊನಚಾದ ಒಂದು ಗೆರೆ, ಒಳಗೆಲ್ಲ ಬರಿ ಬಿಳುಪು. ಹೊಲಿಗೆಯಿಲ್ಲ, ನೇಯ್ಗೆಯಿಲ್ಲ, ಗುಂಡಿಯಿಲ್ಲ. ಸುಮಾರು 1,44,000 ಪಾರದರ್ಶಕ ಸೆಲ್ ಹಾಳೆಗಳು ಈ ಚಿತ್ರಕ್ಕೆ ಬೇಕಾದವು. ಹೀಗೆ ಮತ್ತೆ ಮತ್ತೆ ಬರೆಯಬೇಕಾದ ಉಡುಪಿನಲ್ಲಿ ಒಂದೊಂದು ಹೊಲಿಗೆಯನ್ನೂ ಬರೆಯುತ್ತ ಕೂತರೆ ಚಿತ್ರ ಮುಗಿಯುವುದಿಲ್ಲ. ಅಷ್ಟೇ ಅಲ್ಲ, ಗೆರೆ ಹೆಚ್ಚಾದಷ್ಟೂ ಚಲನೆಯಲ್ಲಿ ಅದು ಅದುರುತ್ತದೆ. ಹಾಗಾಗಿ ಆನಿಮೇಷನ್ ಕಲಾವಿದನ ಜಾಣತನವಿರುವುದು ಏನನ್ನು ಬರೆಯಬೇಕು ಎಂಬುದಕ್ಕಿಂತ ಏನನ್ನು ಬಿಡಬೇಕು ಎಂಬುದರಲ್ಲಿ.

ಅವನು ಬಿಟ್ಟ ಜಾಗದಿಂದ ಕಾಸ್‌ಪ್ಲೇ ಶುರುವಾಗುತ್ತದೆ. ಕಥೆಯ, ಸಿನಿಮಾದ, ಆಟದ ಪಾತ್ರವೊಂದರ ವೇಷವನ್ನು ತಾವೇ ತಯಾರಿಸಿ, ತೊಟ್ಟು, ಛಾಯಾಚಿತ್ರಕ್ಕೆ ನಿಲ್ಲುವ ಈ ಹವ್ಯಾಸವನ್ನು ‘ಥೇಟ್ ಹಾಗೇ ಇದೆ’ ಎಂಬ ಒಂದೇ ಮಾತಿನಲ್ಲಿ ಹೊಗಳಿ ಮುಗಿಸುವವರಿದ್ದಾರೆ. ನನಗೆ ಆ ಹೊಗಳಿಕೆ ಸಾಲದು. ಎರಡೇ ಛಾಯೆಯ ನೀಲಿಗೆ ‘ಥೇಟ್ ಹಾಗೇ’ ಇರುವ ಬಟ್ಟೆ ಲೋಕದ ಯಾವ ಅಂಗಡಿಯಲ್ಲೂ ಇಲ್ಲ. ಗೆರೆಗೆ ತೂಕವಿಲ್ಲ, ಬೆನ್ನಿಲ್ಲ, ಬೆವರಿಲ್ಲ. ಮನುಷ್ಯರ ಮೈಮೇಲೆ ಬರುವಾಗ ಇವೆಲ್ಲ ಬಂದೇ ಬರುತ್ತವೆ. ಬರುವುದನ್ನು ಹೇಗೆ ಬರಮಾಡಿಕೊಳ್ಳಬೇಕು ಎಂದು ನಿರ್ಧರಿಸುವುದೇ ಈ ಕಲೆ. ನಮ್ಮ ಪರಂಪರೆಯ ಮಾತಿನಲ್ಲಿ ಹೇಳುವುದಾದರೆ ಚಿತ್ರ ಸೂತ್ರ, ವೇಷ ಭಾಷ್ಯ. ಸೂತ್ರ ಮಿತಾಕ್ಷರದ್ದು. ಅದು ಹೇಳದೆ ಬಿಟ್ಟಿದ್ದನ್ನು ಭಾಷ್ಯಕಾರ ಹೇಳಬೇಕು, ಸೂತ್ರಕ್ಕೆ ವಿರೋಧವಾಗದಂತೆ ಹೇಳಬೇಕು.

ಈ ಹವ್ಯಾಸ ಹುಟ್ಟಿದ್ದೂ ಹಾಗೆಯೇ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟ್ಲ್ ಡಗ್ಲಸ್ ಭವಿಷ್ಯಕಾಲದ ಉಡುಪು ತೊಟ್ಟು ಬಂದರು. ಫ್ರಾಂಕ್ ಆರ್. ಪಾಲ್ ಎಂಬ ಕಲಾವಿದ ಕಥಾಪತ್ರಿಕೆಗಳಿಗೆ ಬರೆದ ಚಿತ್ರಗಳೂ 1936ರ ‘ಥಿಂಗ್ಸ್ ಟು ಕಮ್’ ಸಿನಿಮಾವೂ ಅವಕ್ಕೆ ಮಾದರಿ. ಹೆಸರು ಬಹುಕಾಲ ಆಕರ್‌ಮನ್‌ದೇ ಉಳಿಯಿತು. ಎರಡು ಉಡುಪನ್ನೂ ಹೊಲಿದವರು ಡಗ್ಲಸ್. ಮುಂದೆ ಜಪಾನಿನಲ್ಲಿ 1975ರಲ್ಲಿ ಶುರುವಾದ ಕಾಮಿಕೆಟ್ ಎಂಬ ಕಾಮಿಕ್ಸ್ ಸಂತೆ, ನಗೋಯಾದಲ್ಲಿ 2003ರಿಂದ ನಡೆಯುತ್ತಿರುವ ವಿಶ್ವ ಕಾಸ್‌ಪ್ಲೇ ಸಮ್ಮೇಳನ ಇದನ್ನು ದೊಡ್ಡದು ಮಾಡಿದವು. ಬೆಂಗಳೂರಿಗೂ 2012ರಲ್ಲಿ ಕಾಮಿಕ್ ಕಾನ್ ಬಂತು. ನನ್ನ ಅಕ್ಕನ ಮಗಳಿಗೆ ಈ ಗೀಳು ಹತ್ತಿದ್ದು ಅಲ್ಲಿಯೇ. ಅವಳು ಸಾನ್ ಆಗಲು ಹೊರಟಾಗ ಅವಳ ಪಕ್ಕದಲ್ಲಿ ಕೂತು ನೋಡುವ ಭಾಗ್ಯ ನನ್ನದಾಯಿತು.

ಭರತನ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಛಾಯಾಚಿತ್ರಕ್ಕೆ ನಿಂತ ಪಾತ್ರಕ್ಕೆ ಮಾತಿಲ್ಲ, ಅಲ್ಲಿಗೆ ವಾಚಿಕ ಹೋಯಿತು. ಚಲನೆಯಿಲ್ಲ, ಆಂಗಿಕದಲ್ಲಿ ಒಂದು ಭಂಗಿ ಮಾತ್ರ ಉಳಿಯಿತು. ಅಭಿನಯದ ಹೆಚ್ಚಿನ ಭಾರ ಆಹಾರ್ಯದ ಮೇಲೆ, ಅಂದರೆ ವೇಷಭೂಷಣ, ಬಣ್ಣ, ಸಲಕರಣೆಗಳ ಮೇಲೆ ಬೀಳುತ್ತದೆ. ಆ ಆಹಾರ್ಯದಲ್ಲೂ ಭರತ ನಾಲ್ಕು ಬಗೆ ಹೇಳುತ್ತಾನೆ: ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ. ಮಾಡಿಟ್ಟ ವಸ್ತುಗಳು, ತೊಡುವ ಉಡುಗೆ ತೊಡುಗೆಗಳು, ಮೈಗೆ ಬಳಿಯುವ ಬಣ್ಣ, ರಂಗಕ್ಕೆ ಬರುವ ಪ್ರಾಣಿಗಳು. ಬೆಂಗಳೂರಿನ ಒಂದು ಬಾಡಿಗೆ ಮನೆಯ ಹಾಲಿನಲ್ಲಿ ಹೊಲಿಗೆ ಯಂತ್ರ, ಹೀಟ್ ಗನ್, ಫೋಮ್ ಶೀಟುಗಳ ನಡುವೆ ಆ ನಾಲ್ಕೂ ನನಗೆ ಒಂದೊಂದಾಗಿ ಕಾಣುತ್ತ ಹೋದವು.

ಮೊದಲು ಪುಸ್ತ. ಸಾನಳ ಕೆಂಪು ಮುಖವಾಡ ಅವಳ ಗುರುತು. ಯುದ್ಧಕ್ಕೆ ಹೊರಡುವಾಗ ಅವಳಿಗೆ ಮನುಷ್ಯರ ಮುಖವೇ ಬೇಡ. ಚಿತ್ರ ಮಾಡುವ ಮೊದಲೇ ಬರೆದ ಯೋಜನಾ ಟಿಪ್ಪಣಿಯಲ್ಲಿ ಮಿಯಾಜಾಕಿ ಈ ಹುಡುಗಿಗೆ ಹೋಲಿಕೆ ಹುಡುಕುವುದಾದರೆ ಜೋಮೋನ್ ಕಾಲದ ಮಣ್ಣಿನ ಬೊಂಬೆಗಳ ಕಡೆ ನೋಡಬೇಕು ಎಂಬರ್ಥದ ಮಾತು ಬರೆದಿದ್ದರು. ಜೋಮೋನ್ ಎಂದರೆ ಜಪಾನಿನಲ್ಲಿ ಬತ್ತದ ಗದ್ದೆಗಳು ಬರುವುದಕ್ಕೂ ಹಿಂದಿನ, ಬೇಟೆ ಮತ್ತು ಕಾಡಿನ ಕಾಲ. ಚಿತ್ರದ ಕಥೆ ನಡೆಯುವ ಮುರೊಮಾಚಿ ಯುಗಕ್ಕೂ ಅದಕ್ಕೂ ನಡುವೆ ಸಾವಿರಾರು ವರ್ಷಗಳ ಅಂತರವಿದೆ. ಹಾಗಾದರೆ ಈ ಮುಖವಾಡ ಫಳಫಳಿಸುವ ಅರಗಿನ ಕೆಲಸವಾಗಿ ಕಾಣಬಾರದು. ಕೈಯಲ್ಲಿ ತಟ್ಟಿದ, ಅರೆಬೆಂದ ಮಣ್ಣಾಗಿ ಕಾಣಬೇಕು.

ಅಕ್ಕನ ಮಗಳು ಮಾಡಿದ್ದು ಹೀಗೆ. ತಲೆಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಕಾಗದದ ಟೇಪು ಅಂಟಿಸಿ, ಮುಖವಾಡದ ಆಕಾರ ಬರೆದು, ಕತ್ತರಿಸಿ ಬಿಡಿಸಿದಳು. ದುಂಡನೆಯ ತಲೆಯ ಅಳತೆ ಚಪ್ಪಟೆ ಹಾಳೆಯ ಮೇಲೆ ಬಂತು. ಅದೇ ಅಳತೆಗೆ ಈವಿಎ ಫೋಮ್ ಕತ್ತರಿಸಿದಳು. ಹವಾಯಿ ಚಪ್ಪಲಿಯ ಅಟ್ಟೆಗೂ ಮಕ್ಕಳ ಆಟದ ಚಾಪೆಗೂ ಬಳಸುವ ಅದೇ ಹಗುರ ವಸ್ತು. ಹೀಟ್ ಗನ್ನಿನ ಬಿಸಿ ತಾಗಿದಾಗ ಫೋಮಿನ ಮೇಲ್ಮೈಯ ಸಣ್ಣ ರಂಧ್ರಗಳು ಮುಚ್ಚಿಕೊಂಡು ಒಂದು ಮಿನುಗು ಬರುತ್ತದೆ. ಆ ಕ್ಷಣದಲ್ಲಿ ಅದನ್ನು ಹೇಗೆ ಬಗ್ಗಿಸಿದರೆ ಹಾಗೆ, ಆರಿದ ಮೇಲೂ ಹಾಗೇ ನಿಲ್ಲುತ್ತದೆ. ಅಂಚುಗಳಿಗೆ ಚಪ್ಪಲಿ ಹೊಲಿಯುವವರ ರಬ್ಬರ್ ಅಂಟು. ಎರಡೂ ಕಡೆ ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಒತ್ತಿದ ಮೇಲೆ ಸರಿಪಡಿಸಲು ಅವಕಾಶವಿಲ್ಲ. ಅದರ ಮೇಲೆ ಕಾಗದದ ತಿರುಳು, ಸುಣ್ಣದ ಕಲ್ಲಿನ ಪುಡಿ, ಅಂಟು ಕಲಸಿದ ಲೇಪ. ಅದಕ್ಕೆ ಉಜ್ಜುಕಾಗದ ಹಾಕಲಿಲ್ಲ, ಬೆರಳಿನ ಗುರುತುಗಳನ್ನು ಹಾಗೇ ಬಿಟ್ಟಳು. ಕೆಂಪಿಗೆ ಅಂಗಡಿಯ ಬಣ್ಣ ಸಾಲದೆ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಕೆಮ್ಮಣ್ಣನ್ನು ಸೋಸಿ ಅಕ್ರಿಲಿಕ್ಕಿಗೆ ಬೆರೆಸಿದಳು. ಹಸೆ ಚಿತ್ತಾರ ಬರೆಯುವ ದೀವರ ಹೆಂಗಸರು ಗೋಡೆಗೆ ಬಳಿಯುವುದೂ ಅದೇ ಮಣ್ಣನ್ನೇ. ಮಣ್ಣಿನ ಕಣ ಬೆಳಕನ್ನು ಹಿಂದಕ್ಕೆ ಎಸೆಯದೆ ಒಳಗೆಳೆದುಕೊಳ್ಳುತ್ತದೆ. ಮುಖವಾಡಕ್ಕೆ ಒಂದೇ ಏಟಿಗೆ ವಯಸ್ಸು ಬಂತು.

ಈಟಿಯ ಮೊನೆಯೂ ಫೋಮಿನದೇ, ಹಿಡಿಕೆ ಮಾತ್ರ ಬಿದಿರು. ಇಲ್ಲಿ ಭರತ ನೆನಪಾಗಿ ನಗು ಬಂತು. ರಂಗದ ಆಯುಧಗಳನ್ನು ನಿಜವಾದ ಲೋಹದಲ್ಲಿ ಮಾಡಬೇಡಿ, ಭಾರಕ್ಕೆ ನಟರು ದಣಿಯುತ್ತಾರೆ, ಬಿದಿರು ಬಟ್ಟೆ ಅರಗುಗಳಂಥ ಹಗುರ ವಸ್ತುಗಳಲ್ಲಿ ಮಾಡಿ ಎಂದು ಅವನು ಅಂದೇ ಹೇಳಿಟ್ಟಿದ್ದಾನೆ. ಹಗುರವಾದದ್ದು ಭಾರವಾಗಿ ಕಾಣಬೇಕು. ಅದಕ್ಕಾಗಿ ಮೊನೆಗೆ ಮೊದಲು ಕಪ್ಪು ಬಳಿದು, ಒಣಗಿದ ಬ್ರಷ್ಷಿನ ತುದಿಯಲ್ಲಿ ಇದ್ದೂ ಇಲ್ಲದಷ್ಟು ಬೂದು ಬಣ್ಣ ಹಿಡಿದು ಅಂಚುಗಳ ಮೇಲಷ್ಟೇ ಸವರುತ್ತಾರೆ. ನಿಜವಾದ ಆಯುಧ ಸವೆಯುವುದು ಅಂಚಿನಲ್ಲಿ. ಕಣ್ಣು ಸವೆತ ಕಂಡರೆ ತೂಕವನ್ನು ತಾನೇ ಊಹಿಸಿಕೊಳ್ಳುತ್ತದೆ.

ಅಲಂಕಾರಕ್ಕೆ ಬಂದಾಗ ಭಾಷ್ಯ ನಿಜಕ್ಕೂ ರುಚಿಗಟ್ಟಿತು. ಬಟ್ಟೆ ಹುಡುಕಲು ಚಿಕ್ಕಪೇಟೆಗೆ ಹೋದವಳು ಥಾನುಗಳನ್ನು ಮುಟ್ಟಿ ನೋಡಿ ಬರಿಗೈಯಲ್ಲಿ ವಾಪಸು ಬಂದು ಕೇಳಿದಳು: “ಚಿಕ್ಕಮ್ಮ, ಇವಳಿಗೆ ಬಟ್ಟೆ ಹೊಲಿದುಕೊಟ್ಟಿದ್ದು ಯಾರು? ತೋಳಕ್ಕಂತೂ ಹೊಲಿಗೆ ಬರಲ್ಲ.”

ಸಿನಿಮಾ ಇದಕ್ಕೆ ಉತ್ತರ ಕೊಡುವುದಿಲ್ಲ. ಮುರೊಮಾಚಿ ಕಾಲದ ಸಾಮಾನ್ಯ ಜನ ತೊಡುತ್ತಿದ್ದದ್ದು ಹೆಚ್ಚಾಗಿ ಸೆಣಬಿನ ಜಾತಿಯ ನಾರುಬಟ್ಟೆ. ಹತ್ತಿ ಅಲ್ಲಿ ಮನೆಮಾತಾದದ್ದು ಆಮೇಲೆ. ಹಾಗಾಗಿ ನುಣುಪಾದ ಸ್ಯಾಟಿನ್, ಪಾಲಿಯೆಸ್ಟರ್ ಮೊದಲೇ ಬಿದ್ದುಹೋದವು. ದಪ್ಪ ಎಳೆಯ, ಅಲ್ಲಲ್ಲಿ ಗಂಟುಳ್ಳ ಕೈಮಗ್ಗದ ಲಿನನ್ ಬಂತು. ಆದರೆ ಹೊಲಿಗೆ? ಅವಳ ತೀರ್ಮಾನ ಇದು: ಸಾನ್ ತನ್ನ ಬಟ್ಟೆಯನ್ನು ತಾನೇ ಹೊಲಿದುಕೊಂಡಿದ್ದಾಳೆ. ಯಾರೂ ಕಲಿಸಿಲ್ಲ. ಮನುಷ್ಯರನ್ನು ಮರೆಯಿಂದ ನೋಡಿ ನೋಡಿ, ಬಟ್ಟೆ ಹೇಗಿರುತ್ತದೆಂದು ಹೊರಗಿನಿಂದ ಮಾತ್ರ ಬಲ್ಲವಳು. ಒಳಗಿನ ಮಡಿಕೆ, ಅಂಚು ಮಡಿಚಿ ಹೊಲಿಯುವ ಜಾಣ್ಮೆ ಅವಳಿಗೆ ಕಂಡಿರಲಾರದು. ಆದ್ದರಿಂದ ಗಟ್ಟಿತನಕ್ಕಾಗಿ ಒಳಗೆ ಯಂತ್ರದ ಹೊಲಿಗೆ ಹಾಕಿ, ಅದರ ಮೇಲೆ ದಪ್ಪ ದಾರದಲ್ಲಿ, ಎಡಗೈಯಿಂದ, ಸೊಟ್ಟಸೊಟ್ಟಗೆ ದೊಡ್ಡ ಹೊಲಿಗೆ ಹಾಕಿದಳು. ಅಂಚುಗಳನ್ನು ಮಡಿಚದೆ ಎಳೆ ಬಿಟ್ಟಳು. ಮನುಷ್ಯರನ್ನು ದ್ವೇಷಿಸುವವಳು ಮನುಷ್ಯರ ಹಾಗೆಯೇ ಬಟ್ಟೆ ತೊಡುತ್ತಾಳೆ ಎಂಬ, ಕಥೆಯ ನಡುವೆ ಇರುವ ಬಿರುಕು, ಆ ಒರಟು ಹೊಲಿಗೆಯಲ್ಲಿ ಕಂಡಿತು. ಸಿನಿಮಾವನ್ನು ಹಲವು ಸಲ ನೋಡಿದ್ದ ನನಗೆ ಈ ಮಾತು ಹೊಳೆದಿರಲಿಲ್ಲ. ಸೂಜಿ ಹಿಡಿದವಳಿಗೆ ಹೊಳೆಯಿತು.

ಹಳೆಯದಾಗಿ ಕಾಣಿಸುವ ಕೆಲಸವೂ ಹೀಗೆ ಪ್ರಶ್ನೆಯಿಂದಲೇ ಆಗಬೇಕು. ಹೊಸಬರು ಇಡೀ ಬಟ್ಟೆಗೆ ಉಜ್ಜುಕಾಗದ ಹಾಕಿ, ಚಹಾದಲ್ಲಿ ಅದ್ದಿ, ಒಂದೇ ಸಮನಾದ ಹಳತು ಮಾಡುತ್ತಾರೆ. ಆದರೆ ಬಟ್ಟೆ ಎಲ್ಲ ಕಡೆ ಒಂದೇ ತರ ಸವೆಯುವುದಿಲ್ಲ. ತೋಳದ ಮೇಲೆ ಸವಾರಿ ಮಾಡುವವಳ ಬಟ್ಟೆ ಎಲ್ಲಿ ಸವೆಯುತ್ತದೆ? ತೊಡೆಯ ಒಳಮಗ್ಗುಲಲ್ಲಿ. ಮಂಡಿಯೂರಿ ಹೊಂಚುವವಳದು ಮಂಡಿಯ ಹತ್ತಿರ. ತಿಂದ ಕೈಯನ್ನು ಎಲ್ಲಿಗೆ ಒರೆಸಿಕೊಳ್ಳುತ್ತಾಳೆ? ಬಲ ಸೊಂಟದ ಕೆಳಗೆ. ಅಲ್ಲಲ್ಲಿ ಮಾತ್ರ ತಂತಿ ಬ್ರಷ್ಷು ಆಡಿತು, ಅಲ್ಲಲ್ಲಿ ಮಾತ್ರ ನೀಲಿ ಬಿಳಿಚಿತು. ಉಡುಪನ್ನು ಹ್ಯಾಂಗರಿಗೆ ತೂಗುಹಾಕಿದಾಗ ತೊಟ್ಟವರಿಲ್ಲದೆಯೂ ಒಂದು ದೇಹದ ಅಭ್ಯಾಸಗಳು ಅದರಲ್ಲಿ ಓದಲು ಸಿಗುತ್ತಿದ್ದವು.

ತುಪ್ಪಳದ ಕಥೆ ಬೇರೆ. ಕೃತಕ ತುಪ್ಪಳದ ಬಟ್ಟೆಯನ್ನು ಕತ್ತರಿಯಲ್ಲಿ ಕತ್ತರಿಸಿದರೆ ಕೂದಲೂ ತುಂಡಾಗಿ ಅಂಚು ಮೊಂಡಾಗುತ್ತದೆ. ಮಗುಚಿ ಹಾಕಿ, ಹಿಂಬದಿಯ ಅರಿವೆಯನ್ನಷ್ಟೇ ಬ್ಲೇಡಿನಿಂದ ಸೀಳಬೇಕು. ಕೂದಲು ಯಾವ ದಿಕ್ಕಿಗೆ ಮಲಗಿದೆ ನೋಡಿಕೊಂಡು ಎಲ್ಲ ತುಂಡುಗಳನ್ನೂ ಅದೇ ದಿಕ್ಕಿಗೆ ಜೋಡಿಸಬೇಕು. ಹೊಲಿದಾದ ಮೇಲೆ ಹೊಲಿಗೆಯಲ್ಲಿ ಸಿಕ್ಕಿಕೊಂಡ ಎಳೆಗಳನ್ನು ಸೂಜಿಯಿಂದ ಒಂದೊಂದಾಗಿ ಹೊರಗೆಳೆದು ಬಾಚಬೇಕು. ಆಗ ಜೋಡಣೆ ಮಾಯವಾಗುತ್ತದೆ. ಅಷ್ಟಾದರೂ ಅದು ಮಕ್ಕಳ ಆಟಿಕೆಯಂತೆ ಹೊಳೆಯುತ್ತಿತ್ತು. ಲಿನನ್ನಿಗೆ ಹಿಡಿಯುವ ಚಹಾದ ಕಂದು ಅಕ್ರಿಲಿಕ್ ನಾರಿಗೆ ಹಿಡಿಯದು. ಹೇರ್ ಟ್ರಿಮ್ಮರಿನಿಂದ ಅಲ್ಲಲ್ಲಿ ಎತ್ತರ ತಗ್ಗಿಸಿ, ನೀರಾಗಿಸಿದ ಬೂದು ಬಣ್ಣವನ್ನು ಬುಡಕ್ಕೆ ಸಿಂಪಡಿಸಿ ಆ ಹೊಳಪು ಅಡಗಿಸಿದಳು. ತುದಿಗಳಿಗೆ ಮಾತ್ರ ತೀರ ತಿಳಿಯಾದ ಹಳದಿ. ಹಳದಿ ಏಕೆ ಎಂದರೆ ಅವಳ ಉತ್ತರ ಸಿದ್ಧವಿತ್ತು: “ತೋಳದ ಮಗಳು ತೋಳದ ತುಪ್ಪಳ ಹೊದ್ದಿದ್ದಾಳೆ ಅಂದ್ರೆ ಅದು ಬೇಟೆಯಾಡಿ ತಂದಿದ್ದಲ್ಲ ಚಿಕ್ಕಮ್ಮ, ಮನೆಯ ಹಿರಿಯರದ್ದು. ಹಳೇದಾಗಿರಬೇಕು.” ಮೊರೊಳ ಮೈಯ ಶುಭ್ರ ಬಿಳುಪಿಗೂ ಸಾನಳ ಹೆಗಲಿನ ಮಾಸಿದ ಬಿಳುಪಿಗೂ ಈ ಒಂದು ಹಳದಿಯಿಂದ ವಂಶದ ಸಂಬಂಧ ಬಂತು.

ಏನನ್ನು ಬಿಡಬೇಕೆಂಬ ವಿವೇಕವೂ ಅಲಂಕಾರದ ಭಾಗವೇ. ಸಾನಳ ಕೊರಳಲ್ಲಿ ಕಾಣುವ ಹರಳಿನ ಚಾಕು ಅಭಿಮಾನಿಗಳಿಗೆ ಬಲುಪ್ರಿಯ. ಆದರೆ ಅದು ಕಾಯಾ ಎಂಬ ಹುಡುಗಿ ಚಿತ್ರದ ನಾಯಕ ಅಶಿತಾಕನಿಗೆ ಕೊಟ್ಟದ್ದು, ಅವನು ಬಹಳ ಮುಂದೆ ತೋಳದ ಮರಿಯ ಮೂಲಕ ಸಾನಳಿಗೆ ಕಳಿಸಿದ್ದು. ಹೊಳೆದಂಡೆಯಲ್ಲಿ ಅಶಿತಾಕನನ್ನು ಅವಳು ಕಾಣುತ್ತಿರುವುದೇ ಮೊದಲ ಸಲ. ನೆತ್ತರ ಬಾಯಿಯೂ ಹರಳಿನ ಚಾಕುವೂ ಒಂದೇ ಚಿತ್ರದಲ್ಲಿ ಬಂದರೆ ಕಥೆಯ ಕಾಲ ಕದಡುತ್ತದೆ. ನಮ್ಮ ಸಾನಳ ಕೊರಳಲ್ಲಿ ಕೋರೆಹಲ್ಲುಗಳ ಹಾರ ಮಾತ್ರ ಇತ್ತು.

ಅಂಗರಚನೆ ಶುರುವಾದದ್ದು ಛಾಯಾಚಿತ್ರ ತೆಗೆಯುವ ದಿನ, ತೀರ್ಥಹಳ್ಳಿ ಕಡೆಯ ತೋಟದ ಮನೆಯ ಜಗಲಿಯಲ್ಲಿ, ಬೆಳಗಿನ ಬೆಳಕಿನಲ್ಲಿ. ಬಿಳಿ, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ಮೂಲವರ್ಣಗಳಿಂದ ಉಳಿದೆಲ್ಲವೂ ಹುಟ್ಟುತ್ತವೆ ಎಂದು ಭರತ ಹೇಳುತ್ತಾನೆ. ಇಲ್ಲಿ ಕೆಲಸವಿದ್ದದ್ದು ಹೆಚ್ಚಾಗಿ ಕೆಂಪಿಗೆ. ಅನೇಕ ಆನಿಮೆ ಪಾತ್ರಗಳಿಗೆ ಕಣ್ಣು ದೊಡ್ಡದು ಮಾಡಲು ಕೆಳರೆಪ್ಪೆಯ ಒಳಅಂಚಿಗೆ ಬಿಳಿ ಹಚ್ಚಿ, ನಿಜವಾದ ರೆಪ್ಪೆಗಿಂತ ತುಸು ಕೆಳಗೆ ಇನ್ನೊಂದು ರೆಪ್ಪೆ ಬರೆಯುತ್ತಾರೆ. ಮಿಯಾಜಾಕಿಯವರ ಮುಖಗಳಿಗೆ ಆ ಅತಿ ಬೇಕಿಲ್ಲ. ಸಾನಳ ಮುಖದ ಬಲವಿರುವುದು ಹುಬ್ಬಿನಲ್ಲಿ. ದಪ್ಪ, ನೇರ, ನಡುವಿಗೆ ಬಾಗಿದ ಹುಬ್ಬು. ಅದನ್ನು ಪೆನ್ಸಿಲಿನಿಂದ ತೀಡದೆ, ಒಂದೊಂದು ಕೂದಲಿನಂತೆ ಸಣ್ಣ ಗೆರೆಗಳನ್ನು ಎಳೆದು ದಪ್ಪಮಾಡಿದರು. ಮುಖಕ್ಕೆ ಪೌಡರಿನ ಮಟ್ಟಸ ಬೇಡ. ಮೂಗಿನ ಮೇಲೆ, ಕೆನ್ನೆಯ ಎತ್ತರದಲ್ಲಿ ಬಿಸಿಲಿಗೆ ಕಂದಿದ ಛಾಯೆ, ಹಣೆಯ ಅಂಚಿನಲ್ಲಿ ತುಸು ಮಣ್ಣು.

ಆಮೇಲೆ ಮೂರು ಕೆಂಪು ತ್ರಿಕೋನಗಳು: ಹಣೆಗೊಂದು, ಕೆನ್ನೆಗೊಂದೊಂದು. ಇಲ್ಲಿ ಭಾಷ್ಯಕ್ಕೂ ಸೂತ್ರಕ್ಕೂ ಜಗಳ ಬಂತು. ಕನ್ನಡಿಯಿಲ್ಲದ ಕಾಡಿನಲ್ಲಿ ಬೆರಳಿನಿಂದ ಬರೆದುಕೊಂಡ ಗುರುತು ಸೊಟ್ಟಗಿರಬೇಕು. ಸಿನಿಮಾದಲ್ಲೋ ಅವು ಅಳತೆ ಹಿಡಿದಂತೆ ಇವೆ. ಸೊಟ್ಟ ಬರೆದರೆ ನೋಡುವವರಿಗೆ ಅದು ಸಾನ್ ಅನ್ನಿಸದೆ ಹೋಗಬಹುದು. ಕೊನೆಗೆ ಆಕಾರ ಸೂತ್ರದ್ದು, ಅಂಚು ಭಾಷ್ಯದ್ದು ಎಂದು ರಾಜಿಯಾಯಿತು. ದೂರಕ್ಕೆ ತ್ರಿಕೋನ, ಹತ್ತಿರಕ್ಕೆ ಬೆರಳು. ನೀರಿನಲ್ಲಿ ಕಲಸುವ ಬಣ್ಣ ಬೆವರಿಗೆ ಒಡೆಯುತ್ತದೆಂಬ ಚಿಂತೆಗೆ ಅಕ್ಕ ತನ್ನ ಕಾಲದ ಉಪಾಯ ಹೇಳಿದಳು. ಹಿಂದೆ ಹಣೆಗೆ ಮೊದಲು ಮೇಣ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದರಲ್ಲ, ಹಾಗೆ. ಮೇಣದ ಮೇಲೆ ಕೂತ ಕೆಂಪು ಸಂಜೆಯವರೆಗೂ ಕದಲಲಿಲ್ಲ.

ಯಕ್ಷಗಾನದ ಚೌಕಿಯಲ್ಲಿ ಬಣ್ಣದ ವೇಷಧಾರಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡುವುದನ್ನು ನೋಡಿದವರಿಗೆ ಈ ಜಗಲಿ ಪರಕೀಯ ಅನ್ನಿಸದು. ಆದರೆ ವ್ಯತ್ಯಾಸ ದೊಡ್ಡದು. ಚಿಟ್ಟಿಯ ಮುಳ್ಳುಗಳು ರಾತ್ರಿಯ ದೀಪದಲ್ಲಿ, ದೂರದಲ್ಲಿ ಚಾಪೆ ಹಾಸಿ ಕೂತವನಿಗಾಗಿ. ಅವು ಮುಖವನ್ನು ಮುಚ್ಚಿ ಇನ್ನೊಂದು ಮುಖ ಕಟ್ಟುತ್ತವೆ. ಕ್ಯಾಮೆರಾ ಮೊಳದೂರದಿಂದ ನೋಡುತ್ತದೆ, ಹಗಲಿನಲ್ಲಿ ನೋಡುತ್ತದೆ. ಅದಕ್ಕೆ ಬಣ್ಣದ ಅಡಿಯಲ್ಲಿ ಚರ್ಮ ಉಸಿರಾಡುತ್ತಿರುವುದು ಕಾಣಬೇಕು.

ಇನ್ನು ನೆತ್ತರು. ಬಾಯಿಗೆ ಹೋಗುವುದರಿಂದ ತಿನ್ನುವಂಥದ್ದೇ ಆಗಬೇಕು: ಗಟ್ಟಿ ಸಕ್ಕರೆ ಪಾಕ, ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ. ಕೋಕೋ ಇಲ್ಲದಿದ್ದರೆ ಅದು ಗುಲಾಬಿ ಶರಬತ್ತಾಗಿ ಕಾಣುತ್ತದೆ. ಕಂದು ಸೇರಿದಾಗ ನೆತ್ತರಿಗೆ ಆಳ ಬರುತ್ತದೆ. ಚರ್ಮಕ್ಕೆ ಕೆಂಪು ಕಚ್ಚಿಕೊಳ್ಳದಂತೆ ಮೊದಲು ಎಣ್ಣೆಯ ಪಸೆ. ಹಚ್ಚಿದ ಮೇಲೆ ಅವಳು ಸಿನಿಮಾದ ಸಾನ್ ಮಾಡಿದಂತೆಯೇ ಮುಂಗೈಯಿಂದ ಒಮ್ಮೆ ಒರೆಸಿಕೊಂಡಳು. ಬ್ರಷ್ಷಿನಿಂದ ಬರೆಯಲಾಗದ ಗೆರೆ ಕೆನ್ನೆಯ ಮೇಲೆ ಮೂಡಿತು. ಸಕ್ಕರೆಯ ವಾಸನೆಗೆ ತೋಟದ ಇರುವೆಗಳೆಲ್ಲ ಅಭಿಮಾನಿಗಳಾಗಿ ಬಂದವು ಎಂಬುದನ್ನೂ ಹೇಳಿಬಿಡುತ್ತೇನೆ.

ಕೂದಲು ಮಾತ್ರ ವಿಗ್ಗೇ ಆಗಬೇಕಾಯಿತು. ಬರೆದ ಕೂದಲು ಎಳೆಎಳೆಯಾಗಿರುವುದಿಲ್ಲ, ಕೆಲವೇ ಮೊನಚಾದ ಗೊಂಚಲುಗಳಾಗಿರುತ್ತದೆ. ತಾಪ ತಡೆಯುವ ನಾರಿನ ವಿಗ್ಗನ್ನು ಗಿಡ್ಡ ಕತ್ತರಿಸಿ, ತುದಿ ತೆಳುಮಾಡಿ, ಸ್ಪ್ರೇ ಹಾಕಿ ಬೆರಳಲ್ಲಿ ಹೊಸೆದು ಗೊಂಚಲು ಮಾಡಿದರು. ಪ್ಲಾಸ್ಟಿಕ್ಕಿನ ಮಿನುಗಿಗೆ ಮಕ್ಕಳ ಪೌಡರು ತಿಕ್ಕಿದರು. ಕುತ್ತಿಗೆಯ ಹಿಂದೆ ಅವಳದೇ ಕೂದಲಿನ ಎರಡು ಎಳೆ ಹೊರಗೆ ಬಿಟ್ಟರು. ಆ ಎರಡು ಎಳೆಗಳು ವಿಗ್ಗನ್ನೆಲ್ಲ ನಂಬಿಸಿದವು.

ಈಗ ರಂಗಸಜ್ಜಿಕೆ. ಈ ಚಿತ್ರದ ಕಾಡಿಗಾಗಿ ಕಲಾವಿದರು ಜಪಾನಿನ ದಕ್ಷಿಣದ ಯಾಕುಶಿಮಾ ದ್ವೀಪಕ್ಕೆ ಹೋಗಿ ಚಿತ್ರ ಬರೆದುಕೊಂಡು ಬಂದಿದ್ದರು. ಅದು ಸಾವಿರ ವರ್ಷ ದಾಟಿದ ಮರಗಳು ನಿಂತ, ಸದಾ ಮಳೆ ಸುರಿಯುವ, ಕಲ್ಲುಬೇರುಗಳೆಲ್ಲ ಹಾವಸೆ ಹೊದ್ದ ದ್ವೀಪ. ನಮ್ಮ ಮಲೆನಾಡಿನ ಮರಗಳು ಬೇರೆ, ಎಲೆಯ ಆಕಾರ ಬೇರೆ. ಆದರೆ ಮಳೆಗಾಲ ಮುಗಿದ ಮೇಲೆ ಹಳ್ಳದ ಬಂಡೆಗಳ ಮೇಲೆ ಕೂರುವ ಹಾವಸೆಯ ಹಸಿರು ಅದೇ. ಮೀಸಲು ಅರಣ್ಯಕ್ಕೆ ಹೋಗುವ ಗೋಜಿಲ್ಲದೆ ತೋಟದ ಕೆಳಗಿನ ಹಳ್ಳವನ್ನೇ ಆರಿಸಿದರು. ಚೌಕಟ್ಟಿನೊಳಗೆ ಅಡಿಕೆ ಮರ ಬರಬಾರದು ಎಂಬುದು ಮೊದಲ ಷರತ್ತು. ಒಂದು ಅಡಿಕೆ ಮರ ಕಂಡರೆ ಸಾನ್ ತೀರ್ಥಹಳ್ಳಿಯವಳಾಗಿಬಿಡುತ್ತಾಳೆ!

ಛಾಯಾಗ್ರಾಹಕ ಗೆಳೆಯನ ಕೆಲಸದಲ್ಲೂ ಭಾಷ್ಯದ ಬುದ್ಧಿ ಕಂಡೆ. ಮದುವೆ ಫೋಟೋದವರ ರೂಢಿಯಲ್ಲಿ ಇಂಥ ಕಡೆ 85 ಮಿ.ಮೀ. ಲೆನ್ಸು ಹಾಕಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನದೆಲ್ಲ ಬೆಣ್ಣೆಯಂತೆ ಕರಗಿಸುತ್ತಾರೆ. ಅವನು ಹಾಗೆ ಮಾಡಲಿಲ್ಲ. ಆನಿಮೇಷನ್ನಿನಲ್ಲಿ ಹಿನ್ನೆಲೆ ಕರಗುವುದು ಅಪರೂಪ. ಪಾತ್ರ ಸರಳ, ಕಾಡು ಮಾತ್ರ ಎಲೆಎಲೆಯಾಗಿ ಸ್ಪಷ್ಟ. ಹಾಗಾಗಿ 35 ಮಿ.ಮೀ. ಲೆನ್ಸು, ಎಫ್ 8. ಕಾಡೂ ಹುಡುಗಿಯೂ ಒಂದೇ ಹರಿತದಲ್ಲಿ ಬಂದವು. ನೀರಿಗೂ ಹಾಗೆಯೇ. ಷಟರ್ ನಿಧಾನಿಸಿದರೆ ಹಳ್ಳ ಹಾಲಿನ ಹರಿವಾಗುತ್ತದೆ, ಕ್ಯಾಲೆಂಡರಿಗೆ ಚೆಂದ. ಚಿತ್ರದ ಹೊಳೆಗೆ ಮಳೆಯ ಸೊಕ್ಕಿದೆ, ಹನಿಹನಿಗೆ ಗೆರೆಯಿದೆ. ಸೆಕೆಂಡಿನ 250ನೇ ಒಂದು ಭಾಗದಲ್ಲಿ ಹನಿಗಳು ಗಾಳಿಯಲ್ಲಿ ಹಾಗೇ ನಿಂತವು.

ಎಲ್ಲವೂ ಸ್ಪಷ್ಟವಾದರೆ ಪಾತ್ರ ಕಾಡಿನೊಳಗೆ ಕಳೆದುಹೋಗುವ ಭಯವಿದೆ. ಆನಿಮೇಷನ್ನಿನಲ್ಲಿ ಪಾತ್ರವನ್ನು ಹಿನ್ನೆಲೆಯಿಂದ ಬಿಡಿಸುವುದು ಅಂಚಿನ ಗೆರೆ. ಮನುಷ್ಯರಿಗೆ ಅಂಚಿನ ಗೆರೆಯಿಲ್ಲ. ಅದಕ್ಕೆ ಬಂಡೆಯ ಹಿಂದೆ ಒಂದು ಪುಟ್ಟ ಫ್ಲಾಶ್ ಇಟ್ಟು, ತುಪ್ಪಳದ ಅಂಚಿಗೆ, ಕೂದಲ ಗೊಂಚಲಿಗೆ ಹಿಂದಿನಿಂದ ಬೆಳಕಿನ ಗೆರೆ ಎಳೆದ. ಮುಂದಿನಿಂದ ಒಂದು ಥರ್ಮೋಕೋಲ್ ಹಲಗೆ ಮೋಡದ ಬೆಳಕನ್ನೇ ಮೆಲ್ಲಗೆ ಮುಖಕ್ಕೆ ತಿರುಗಿಸಿತು. ಮೋಡ ಕವಿದ ಹೊತ್ತನ್ನೇ ಕಾದದ್ದಕ್ಕೂ ಕಾರಣವಿದೆ. ಬಿಸಿಲು ಬಿದ್ದರೆ ಕಾಡು ಕಪ್ಪುಬಿಳಿ ಚುಕ್ಕೆಗಳಾಗಿ ಒಡೆಯುತ್ತದೆ, ಮೋಡವಿದ್ದರೆ ಹಸಿರಿನ ನೂರು ಛಾಯೆ ತೆರೆದುಕೊಳ್ಳುತ್ತದೆ. ಪೋಲರೈಸರ್ ತಿರುಗಿಸಿದಾಗ ಒದ್ದೆ ಎಲೆಗಳ ಹೊಳಪು ಅಳಿದು ಒಳಗಿನ ಬಣ್ಣ ಮೇಲೆದ್ದಿತು. ಕತ್ತಲ ಕಾಡಿನ ನಡುವೆ ಚೂರೇ ಬಿಳಿ ತುಪ್ಪಳವಿದ್ದುದರಿಂದ ಕ್ಯಾಮೆರಾದ ಮೀಟರು ಮೋಸಹೋಗಿ ಬಿಳಿಯನ್ನು ಸುಡುತ್ತಿತ್ತು. ಅವನು ಎಕ್ಸ್‌ಪೋಷರ್ ತಗ್ಗಿಸಿದ. ಆ ಹಳದಿ ತುದಿಗಳು ಉಳಿದದ್ದು ಅದರಿಂದ.

ಕೊನೆಗೆ ಉಳಿದದ್ದು ಸಂಜೀವ. ಕಾಲಿಲ್ಲದ್ದು, ಎರಡು ಕಾಲಿನದು, ನಾಲ್ಕು ಕಾಲಿನದು ಎಂದು ರಂಗಕ್ಕೆ ಬರುವ ಪ್ರಾಣಿಗಳನ್ನು ಭರತ ವಿಂಗಡಿಸಿದ್ದಾನೆ. ನಮ್ಮ ಹಳ್ಳಕ್ಕೆ ದೈತ್ಯ ತೋಳವನ್ನು ತರುವವರು ಯಾರು? ನಾಯಿಯನ್ನು ಕೂರಿಸುವ ಸಲಹೆ ಬಂತು, ಬಿದ್ದುಹೋಯಿತು. ಕಂಪ್ಯೂಟರಿನಲ್ಲಿ ಸೇರಿಸಬಹುದು ಎಂದರು, ಅದೂ ಹಿಡಿಸಲಿಲ್ಲ. ಉಳಿದಿದ್ದ ತುಪ್ಪಳದ ತುಂಡುಗಳನ್ನು ಒಂದು ಕೊಂಬೆಗೆ ಸುತ್ತಿ ಲೆನ್ಸಿನ ಮೂತಿಗೆ ತೀರ ಹತ್ತಿರ, ಚೌಕಟ್ಟಿನ ಎಡ ಅಂಚಿನಲ್ಲಿ ಹಿಡಿದರು. ಅಷ್ಟು ಹತ್ತಿರದ್ದು ಎಫ್ 8ರಲ್ಲೂ ಮಸುಕಾಗಲೇಬೇಕು. ಒಂದು ದೊಡ್ಡ, ಮಸುಕಾದ, ಬಿಳಿ ಇಳಿಜಾರು ಚಿತ್ರದೊಳಗೆ ಬಂತು. ಅದು ಮೊರೊಳ ಹೆಗಲು. ಅದರಾಚೆ ಮಂಡಿಯೂರಿ, ಭಾರವನ್ನೆಲ್ಲ ಮುಂಗಾಲಿಗೆ ಹಾಕಿ, ಮುಖವಾಡವನ್ನು ನೆತ್ತಿಗೆ ಸರಿಸಿಕೊಂಡು, ಬಾಯೊರೆಸಿದ ಕೈ ಇನ್ನೂ ಇಳಿಯದೆ, ಹುಡುಗಿ ನೋಡುತ್ತಿದ್ದಾಳೆ. ಇಡೀ ಚಿತ್ರದಲ್ಲಿ ಮಸುಕಾದದ್ದು ತೋಳವೊಂದೇ. ದೊಡ್ಡದೆನಿಸುವುದೂ ಅದೊಂದೇ. ಗೆರೆಯ ಚಿತ್ರ ಎಲ್ಲವನ್ನೂ ಬಿಟ್ಟು ತೋಳವನ್ನು ಪೂರ್ತಿ ಬರೆದಿತ್ತು. ಇವರು ಎಲ್ಲವನ್ನೂ ಪೂರ್ತಿ ಮಾಡಿ ತೋಳವನ್ನು ಬಿಟ್ಟರು. ಬಿಡುವ ಕಲೆಯನ್ನು ಕಲಿತದ್ದು ಆ ಚಿತ್ರದಿಂದಲೇ.

ಸಾತ್ತ್ವಿಕದ ಮಾತು ಹೇಳದಿದ್ದರೆ ಲೆಕ್ಕ ಮುಗಿಯದು. ಒಳಗಿನ ಭಾವ ಮೈಯಲ್ಲಿ ತಾನಾಗಿ ತೋರುವುದು ಅದು, ಬಲವಂತಕ್ಕೆ ಬರುವುದಲ್ಲ. ತಣ್ಣನೆಯ ಹಳ್ಳದಲ್ಲಿ ಕಾಲಿಟ್ಟು ಕೂತವಳ ತೋಳಿನ ರೋಮ ನಿಂತಿತ್ತು. ರೋಮಾಂಚ ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದು. ಚಳಿಗೆ ಬಂದದ್ದೋ ಪಾತ್ರಕ್ಕೆ ಬಂದದ್ದೋ ಕ್ಯಾಮೆರಾ ಕೇಳುವುದಿಲ್ಲ. ಸಹೃದಯನೂ ಕೇಳಬೇಕಿಲ್ಲ.

ಒಂದೇ ಪಾತ್ರವನ್ನು ಸಾವಿರ ಮಂದಿ ಹಾಕಿದರೂ ಈ ಹವ್ಯಾಸ ಹಳಸದಿರುವುದು ಏಕೆಂದು ಈಗ ಹೇಳಬಲ್ಲೆ. ಇನ್ನೊಬ್ಬಳ ಸಾನ್ ಕದ್ದ ಬಟ್ಟೆ ತೊಟ್ಟಿರಬಹುದು. ಆಗ ಹೊಲಿಗೆ ಅಚ್ಚುಕಟ್ಟಾಗಿ, ಅಳತೆ ಮಾತ್ರ ಯಾರದೋ ಆಗಿರುತ್ತದೆ. ಮತ್ತೊಬ್ಬಳ ತುಪ್ಪಳ ಹಿಮದಷ್ಟು ಬೆಳ್ಳಗಿದ್ದು, ಮೊರೊ ದಿನವೂ ಅದನ್ನು ನೆಕ್ಕಿ ಶುಚಿ ಮಾಡುತ್ತಾಳೆ ಎಂದು ಅವಳು ವಾದಿಸಬಹುದು. ಅದೂ ಸೂತ್ರಕ್ಕೆ ವಿರೋಧವಲ್ಲ. ಹೋಲಿಕೆಯನ್ನಷ್ಟೇ ಅಳೆಯುವವನಿಗೆ ಈ ಮೂವರೂ ಒಂದೇ. ಯಾವ ಪ್ರಶ್ನೆಗೆ ಈ ಹೊಲಿಗೆ ಉತ್ತರ ಎಂದು ಕೇಳುವವನಿಗೆ ಮೂರು ಬೇರೆ ಬೇರೆ ಕಥೆ ಸಿಗುತ್ತದೆ.

ಅಕ್ಕನ ಮಗಳು ಈಗ ಅದೇ ಚಿತ್ರದ ಎಬೋಶಿಯ ಬೆನ್ನುಹತ್ತಿದ್ದಾಳೆ. ಕಾಡು ಕಡಿಸಿ ಕಬ್ಬಿಣದ ಊರು ಕಟ್ಟಿದವಳು, ಮೊರೊಳ ಮೈಗೆ ಗುಂಡು ಹೊಡೆದವಳು, ತಿದ್ದಿದ ಕೆಂಪು ತುಟಿಯವಳು. ಮೊನ್ನೆ ಫೋನಿನಲ್ಲಿ ಕೇಳಿದಳು: “ಚಿಕ್ಕಮ್ಮ, ಹಗಲೂ ರಾತ್ರಿ ಕುಲುಮೆ ಉರಿಯೋ ಊರಲ್ಲಿ ಇವಳ ನಿಲುವಂಗಿಗೆ ಮಾತ್ರ ಮಸಿ ಹತ್ತಲ್ವಲ್ಲ, ಅದನ್ನ ಒಗೆಯೋರು ಯಾರು?” ಸಿನಿಮಾದಲ್ಲಿ ಉತ್ತರವಿಲ್ಲ. ಉತ್ತರ ಸಿಕ್ಕ ದಿನ ಅವಳು ಬಟ್ಟೆ ಕತ್ತರಿಸುತ್ತಾಳೆ.